ಮೂರು ದಿನ, ಒಂದೇ ಹೊಳೆ: ಶರಾವತಿ ಕಣಿವೆಗೆ ಪ್ರವಾಸ ಹಾಕಿಕೊಳ್ಳುವುದು ಹೇಗೆ?

ಮಲೆನಾಡು ನೋಡಬೇಕು ಎಂದು ಹೊರಡುವವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಶನಿವಾರ ಬೆಳಿಗ್ಗೆ ಸಕ್ರೆಬೈಲು ಆನೆ ಬಿಡಾರ, ಮಧ್ಯಾಹ್ನ ಜೋಗ, ಸಂಜೆ ಆಗುಂಬೆಯ ಸೂರ್ಯಾಸ್ತ. ಭಾನುವಾರ ಕೊಡಚಾದ್ರಿ, ಸಿಗಂದೂರು, ಕೊಲ್ಲೂರು, ರಾತ್ರಿ ಬಸ್ಸು. ನಕ್ಷೆಯಲ್ಲಿ ಎಲ್ಲವೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಆದರೆ ಈ ಪಟ್ಟಿ ಹಿಡಿದು ಹೊರಟರೆ ನೀವು ನೋಡುವುದು ಕಾರಿನ ಕಿಟಕಿಯನ್ನು ಮಾತ್ರ. ಇಲ್ಲಿ ದಾರಿಯನ್ನು ಕಿಲೋಮೀಟರ್‌ನಲ್ಲಿ ಅಳೆದು ಉಪಯೋಗವಿಲ್ಲ, ಗಂಟೆಯಲ್ಲಿ ಅಳೆಯಬೇಕು. ತಿರುವು, ಮಳೆ, ಎದುರಿಗೆ ಬರುವ ಬಸ್ಸು, ರಸ್ತೆಗೆ ಅಡ್ಡ ನಿಂತ ದನ ಎಲ್ಲ ಸೇರಿ ಒಳದಾರಿಯಲ್ಲಿ ಗಂಟೆಗೆ 30 ಕಿ.ಮೀ. ಸಾಗಿದರೆ ಚೆನ್ನಾಗಿ ಸಾಗಿದಿರಿ ಎಂದೇ ಅರ್ಥ.

ಅದಕ್ಕೇ ನನ್ನ ಸಲಹೆ: ಮೂರು ದಿನ ಇದ್ದರೆ ಒಂದು ಹೊಳೆಯ ಕಣಿವೆಯನ್ನು ಹಿಡಿದುಕೊಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರದ ಸೀಮೆ ದಾಟಿ, ಜೋಗದಲ್ಲಿ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಜಲಪಾತ, ಹಿನ್ನೀರು, ಬೆಟ್ಟ, ಕೋಟೆ, ದೇವಸ್ಥಾನ, ಅಡಿಕೆ ತೋಟ ಎಲ್ಲವೂ ಈ ಒಂದು ಕಣಿವೆಯಲ್ಲೇ ಸಿಗುತ್ತವೆ. ಆಗುಂಬೆ, ಕುಪ್ಪಳಿ, ಕವಲೇದುರ್ಗ ತುಂಗೆಯ ಕಡೆಯವು. ಅವಕ್ಕೆ ಇನ್ನೊಂದು ಸಲ ಬನ್ನಿ.

ಮೊದಲು ತಿಂಗಳು ತೀರ್ಮಾನ ಮಾಡಿ

ಜಾಗ ಯಾವುದು ಅನ್ನುವುದಕ್ಕಿಂತ ಮೊದಲು ಯಾವ ತಿಂಗಳು ಅನ್ನುವುದು ಮುಖ್ಯ. ಇಲ್ಲಿ ಒಂದೇ ಜಾಗ ಆಗಸ್ಟ್‌ನಲ್ಲಿ ಒಂದು ಥರ, ಏಪ್ರಿಲ್‌ನಲ್ಲಿ ಪೂರ್ತಿ ಬೇರೆ ಥರ.

ಜೋಗಕ್ಕಾಗಿಯೇ ಬರುವವರು ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನೋಡಿಕೊಳ್ಳಿ. 253 ಮೀಟರ್ ಎತ್ತರದಿಂದ ಬೀಳುವ ಈ ನೀರಿಗೆ ಹೊಳೆಯ ಮೇಲ್ಭಾಗದಲ್ಲಿ 1964ರಿಂದ ಲಿಂಗನಮಕ್ಕಿ ಅಣೆಕಟ್ಟೆ ಇದೆ. ಹೊಳೆಯ ನೀರು ಅಲ್ಲಿ ನಿಂತು ವಿದ್ಯುತ್ತಿಗೆ ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲೂ ಸಾಮಾನ್ಯ ದಿನಗಳಲ್ಲಿ ನೀವು ನೋಡುವುದು ಅಣೆಕಟ್ಟೆಯ ಕೆಳಗೆ ಸುರಿದ ಮಳೆಯ ನೀರನ್ನು. ಅಣೆಕಟ್ಟೆ ತುಂಬಿ ಗೇಟು ತೆಗೆದಾಗ ಮಾತ್ರ ಜೋಗದ ನಿಜವಾದ ಆರ್ಭಟ. ಇದನ್ನು ಮೊದಲೇ ಅಂದಾಜು ಮಾಡಬಹುದು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳು ಲಿಂಗನಮಕ್ಕಿಯ ಮಟ್ಟವನ್ನು ಹಾಕುತ್ತಲೇ ಇರುತ್ತವೆ. ಅಂಕಿ 1815 ದಾಟಿ ಮೇಲೆ ಮಳೆಯೂ ಜೋರಾಗಿದ್ದರೆ ಬ್ಯಾಗು ತುಂಬಲು ಶುರು ಮಾಡಿ. ಎಲ್ಲ ವರ್ಷವೂ ತುಂಬುವುದಿಲ್ಲ, ಅದು ನೆನಪಿರಲಿ.

ಆದರೆ ಅದೇ ಆಗಸ್ಟ್‌ನಲ್ಲಿ ಕೊಡಚಾದ್ರಿಯ ತುದಿಗೆ ಹೋದರೆ ಮುಂದಿರುವ ಮನುಷ್ಯನೂ ಕಾಣುವುದಿಲ್ಲ. ಮಂಜು, ಗಾಳಿ, ಅಡ್ಡ ಹೊಡೆಯುವ ಮಳೆ. ಅದನ್ನೇ ಇಷ್ಟಪಡುವವರೂ ಇದ್ದಾರೆ, ಬೇಡ ಎನ್ನುವುದಿಲ್ಲ. ಬೆಟ್ಟದ ಮೇಲಿಂದ ಕಣಿವೆ ನೋಡಬೇಕು ಅನ್ನುವವರಿಗೆ ಅಕ್ಟೋಬರ್ ನಡುವಿನಿಂದ ಜನವರಿವರೆಗೆ ಒಳ್ಳೆಯದು.

ಎರಡೂ ಬೇಕು ಅಂದರೆ? ಅಕ್ಟೋಬರ್ ಮೊದಲ ಎರಡು ವಾರ. ಜೋಗದಲ್ಲಿ ಇನ್ನೂ ನೀರಿರುತ್ತದೆ, ಬೆಟ್ಟದ ಮೇಲೆ ಆಗಾಗ ಮೋಡ ಸರಿದು ಬಿಸಿಲು ಬೀಳುತ್ತದೆ, ಗದ್ದೆಗಳು ಹಸಿರಾಗಿರುತ್ತವೆ. ನನ್ನನ್ನು ಕೇಳಿದರೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ದಸರಾ ರಜೆ ಇದೇ ಹೊತ್ತಿಗೆ ಬಿದ್ದರೆ ಮಾತ್ರ ರೂಮು ಸಿಗುವುದು ಕಷ್ಟ. ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ.

ಫೆಬ್ರವರಿಯಿಂದ ಮೇವರೆಗೆ ಜೋಗದಲ್ಲಿ ನೀರು ಬರೀ ಎಳೆಯಾಗಿರುತ್ತದೆ. ಅದನ್ನು ನೋಡಿ "ಇಷ್ಟೇನಾ?" ಎಂದು ಬೇಸರ ಪಟ್ಟುಕೊಂಡು ಹೋಗುವವರು ಜಾಸ್ತಿ. ಆ ತಿಂಗಳುಗಳಲ್ಲಿ ಬರುವುದಾದರೆ ದೇವಸ್ಥಾನ, ಕೋಟೆ, ಹಿನ್ನೀರು ಎಂದು ಯೋಜನೆ ಹಾಕಿ. ಜನವರಿ, ಫೆಬ್ರವರಿಯಲ್ಲಾದರೆ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯೂ ಸಿಕ್ಕೀತು.

ತಲುಪುವುದು, ಉಳಿಯುವುದು

ಬೆಂಗಳೂರು, ಮೈಸೂರಿನ ಕಡೆಯಿಂದ ಬರುವವರಿಗೆ ರಾತ್ರಿ ರೈಲಿನಷ್ಟು ಅನುಕೂಲ ಇನ್ನೊಂದಿಲ್ಲ. ಶಿವಮೊಗ್ಗ ದಾಟಿ ಬೆಳಗಾಗುವ ಹೊತ್ತಿಗೆ ಸಾಗರ ಜಂಬಗಾರು ನಿಲ್ದಾಣ, ಆಮೇಲೆ ಹಳಿ ಮುಗಿಯುವ ತಾಳಗುಪ್ಪ. ಮೂರು ದಿನದ ಪ್ರವಾಸಕ್ಕೆ ಸಾಗರದಲ್ಲೇ ಇಳಿಯಿರಿ. ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮಳೆಗಾಲದ ಶುಕ್ರವಾರ ರಾತ್ರಿಯ ಬರ್ತ್ ಬೇಕಾದರೆ ತೆರೆದ ಕೂಡಲೇ ಮಾಡಿಬಿಡಿ. ವಿಮಾನದಲ್ಲಿ ಬರುವವರಿಗೆ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣ 2023ರಿಂದ ಇದೆ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ., ಆಯನೂರು, ಕುಂಸಿ, ಆನಂದಪುರದ ಮೇಲೆ ದಾರಿ. ಬಸ್ಸುಗಳು ಬೇಕಾದಷ್ಟಿವೆ.

ಸ್ವಂತ ಕಾರಿಲ್ಲದವರು ಸಾಗರದಲ್ಲಿ ಮೂರೂ ದಿನಕ್ಕೆ ಒಂದು ಗಾಡಿ ಮಾತಾಡಿಕೊಳ್ಳಿ. ಜೋಗಕ್ಕೆ, ಸಿಗಂದೂರಿಗೆ ಬಸ್ಸಿನಲ್ಲೂ ಹೋಗಬಹುದು. ಆದರೆ ನಿಟ್ಟೂರು, ನಗರ ಎಂಬ ಊರುಗಳ ಕಡೆಗೆ ಬಸ್ಸಿನ ಹೊತ್ತು ನೋಡಿಕೊಂಡು ಓಡಾಡಿದರೆ ಅರ್ಧ ದಿನ ನಿಲ್ದಾಣದಲ್ಲೇ ಕಳೆಯುತ್ತದೆ. ಊರಿನ ಚಾಲಕರಿದ್ದರೆ ಇನ್ನೊಂದು ಲಾಭ. ಯಾವ ದಾರಿಗೆ ಮರ ಬಿದ್ದಿದೆ, ಯಾವ ಸಂಕದ (ಸಣ್ಣ ಸೇತುವೆ) ಮೇಲೆ ನೀರು ಬಂದಿದೆ ಎಂದು ಫೋನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಎರಡು ರಾತ್ರಿಯನ್ನು ಎರಡು ಕಡೆ ಕಳೆಯಿರಿ. ಮೊದಲ ರಾತ್ರಿ ಸಾಗರ ಅಥವಾ ಅದರ ಸುತ್ತಮುತ್ತ. ಎರಡನೇ ರಾತ್ರಿ ನಿಟ್ಟೂರು, ಸಂಪೆಕಟ್ಟೆ ಕಡೆ, ಅಂದರೆ ಕೊಡಚಾದ್ರಿಯ ಬುಡದಲ್ಲಿ. ಹೀಗೆ ಮಾಡಿದರೆ ಬಂದ ದಾರಿಯಲ್ಲೇ ವಾಪಸ್ ಬರುವ ಕೆಲಸವಿಲ್ಲ. ಕಣಿವೆಯನ್ನು ಒಂದು ಸುತ್ತು ಹೊಡೆದ ಹಾಗಾಗುತ್ತದೆ.

ಹೋಂಸ್ಟೇಗೆ ಫೋನು ಮಾಡಿದಾಗ ಬಾಡಿಗೆ ಮಾತ್ರ ಕೇಳಿ ಇಡಬೇಡಿ. ಕೊನೆಯ ಎರಡು ಮೂರು ಕಿಲೋಮೀಟರ್ ರಸ್ತೆ ಹೇಗಿದೆ, ಸಣ್ಣ ಕಾರು ಬರುತ್ತದೆಯೇ? ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಕರೆಂಟ್ ಹೋದರೆ ಏನು ವ್ಯವಸ್ಥೆ? ಚಾಲಕರಿಗೆ ಮಲಗಲು ಜಾಗ, ಊಟ ಇದೆಯೇ? ಇಷ್ಟನ್ನು ಕೇಳಲೇಬೇಕು. ಊಟದ್ದಂತೂ ಹಿಂದಿನ ದಿನವೇ ಹೇಳಿ. ಬರುವವರು ಎಷ್ಟು ಜನ, ಸಸ್ಯಾಹಾರವೋ ಮಾಂಸಾಹಾರವೋ ಎಂದು ತಿಳಿದರೆ ಅವರಿಗೂ ಸಾಮಾನು ತರಿಸಿಕೊಳ್ಳಲು ಹೊತ್ತು ಸಿಗುತ್ತದೆ, ಅಂಗಡಿಯೇ ದೂರ ಇರುವ ಊರುಗಳಿವು. ಮೆನು ಕೇಳಬೇಡಿ, "ಮನೆಯಲ್ಲಿ ಏನು ಮಾಡುತ್ತೀರೋ ಅದೇ ಸಾಕು" ಎನ್ನಿ. ಆಗ ಅಕ್ಕಿ ರೊಟ್ಟಿ, ತಂಬುಳಿ, ಕೆಸುವಿನ ಪತ್ರೊಡೆ, ಮಳೆಗಾಲವಾದರೆ ಕಳಲೆ ಪಲ್ಯ, ಮಾಂಸದೂಟದ ಮನೆಯಾದರೆ ಕಡುಬಿನ ಜೊತೆ ಕೋಳಿ ಸಾರು ಬರುತ್ತದೆ. ಪನೀರ್ ಕೇಳಿ ಅದನ್ನೆಲ್ಲ ಕಳೆದುಕೊಳ್ಳಬೇಡಿ.

ಮೊದಲ ದಿನ: ಜೋಗ, ಆಮೇಲೆ ಇಕ್ಕೇರಿ

ಸಾಗರದಲ್ಲಿ ಸ್ನಾನ, ತಿಂಡಿ ಮುಗಿಸಿ ನೇರ ಜೋಗಕ್ಕೆ ಹೊರಡಿ. ಸುಮಾರು 30 ಕಿ.ಮೀ. ಬೆಳಿಗ್ಗೆ ಹೋದಷ್ಟೂ ಜನ ಕಡಿಮೆ. ಆದರೆ ಬೆಳಿಗ್ಗೆ ಮಂಜೂ ಜಾಸ್ತಿ. ಇಲ್ಲಿ ಒಂದು ತಾಳ್ಮೆಯ ಮಾತಿದೆ. ನೀವು ಕಟಾಂಜನದ ಹತ್ತಿರ ನಿಂತಾಗ ಎದುರಿಗೆ ಬರೀ ಬೆಳ್ಳಗಿರಬಹುದು, ಸದ್ದು ಮಾತ್ರ ಕೇಳಬಹುದು. ಅನೇಕರು ಹತ್ತು ನಿಮಿಷ ನಿಂತು, ಏನೂ ಕಾಣಲಿಲ್ಲ ಎಂದು ಹೊರಟೇ ಬಿಡುತ್ತಾರೆ. ಹೋಗಬೇಡಿ. ಕಣಿವೆಯ ಕೆಳಗಿನಿಂದ ಗಾಳಿ ಎದ್ದರೆ ಮಂಜು ಮೇಲಕ್ಕೆ ಸರಿಯುತ್ತದೆ. ಮೊದಲು ಕೆಳಗಿನ ಬಂಡೆ, ಆಮೇಲೆ ನೀರಿನ ನಡು, ಕೊನೆಗೆ ನೆತ್ತಿ ಕಾಣುತ್ತದೆ. ನಾಲ್ಕು ಧಾರೆಗಳು, ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ಎರಡು ನಿಮಿಷ ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಒಂದು ಲೋಟ ಚಹಾ ಹಿಡಿದು ಗಂಟೆ ಹೊತ್ತು ನಿಲ್ಲುವವರಿಗೆ ಜೋಗ ಮೋಸ ಮಾಡುವುದು ಕಡಿಮೆ. ಈ ಕಾರಣಕ್ಕೇ ಅಂದಿನ ಬೆಳಿಗ್ಗೆಗೆ ಬೇರೇನೂ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ.

ಆಚೆ ದಡದಲ್ಲಿ, ಸಿದ್ದಾಪುರದ ಕಡೆಗೆ, ಹಳೆಯ ಬಂಗಲೆಯ ಹತ್ತಿರ ಇನ್ನೊಂದು ನೋಟವಿದೆ. ಈಚೆಯಿಂದ ಜಲಪಾತ ಎದುರಿಗೆ ಕಾಣುತ್ತದೆ, ಅಲ್ಲಿ ನೀವು ರಾಜನ ನೆತ್ತಿಯ ಹತ್ತಿರವೇ ಇರುತ್ತೀರಿ. ಬಿಡುವಿದ್ದರೆ ಎರಡನ್ನೂ ನೋಡಿ. ಕೆಳಗೆ ಇಳಿಯುವ ಮೆಟ್ಟಿಲು ಮಳೆಗಾಲದಲ್ಲಿ ಮುಚ್ಚಿರುವುದೇ ಹೆಚ್ಚು. ತೆರೆದಿದ್ದರೂ ಸಾವಿರಕ್ಕಿಂತ ಜಾಸ್ತಿ ಮೆಟ್ಟಿಲು, ಹತ್ತಿ ಬರಬೇಕಾದವರೂ ನೀವೇ. ಮಂಡಿ ನೋವಿರುವವರು ಇಳಿಯಲೇಬೇಡಿ. ಬೇಲಿ ದಾಟಿ ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಕೆಲಸವಂತೂ ಬೇಡವೇ ಬೇಡ. ಇಲ್ಲಿನ ಪಾಚಿ ಯಾರ ಚಪ್ಪಲಿಯನ್ನೂ ಹಿಡಿದು ನಿಲ್ಲಿಸುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಸಾಗರಕ್ಕೆ ವಾಪಸ್ ಬನ್ನಿ. ಆಮೇಲೆ ಇಕ್ಕೇರಿ ಮತ್ತು ಕೆಳದಿ. ಎರಡೂ ಸಾಗರದಿಂದ ಹತ್ತು ಕಿಲೋಮೀಟರ್ ಒಳಗೇ ಇವೆ. ಒಂದೇ ನೋಡಲು ಹೊತ್ತಿದ್ದರೆ ಇಕ್ಕೇರಿ. ಕೆಳದಿ ನಾಯಕರ ಎರಡನೇ ರಾಜಧಾನಿ ಅದು. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪವನ್ನು ಎಲ್ಲರೂ ನೋಡುತ್ತಾರೆ. ನೀವು ಒಳಗೆ ಹೋದಾಗ ನೆಲವನ್ನೂ ನೋಡಿ. ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದ ಹಾಗೆ ಕಲ್ಲಿನಲ್ಲಿ ಕೆತ್ತಿದ್ದಾರೆ. ಒಬ್ಬನ ಕೈಕಾಲಿಗೆ ಬೇಡಿಯಿದೆ. ಹಾಗೆಯೇ ನಡುವಿನ ಕಂಬಗಳ ಅಂತರ ಗಮನಿಸಿ. ಆ ಅಂತರವೇ ಒಂದು ಕಾಲಕ್ಕೆ ಈ ಸೀಮೆಯ ತೋಟದ ಅಳತೆಯಾಗಿತ್ತು: 18 ಅಡಿ 6 ಇಂಚು. ದೇವಸ್ಥಾನದ ಕಂಬ ಹಿಡಿದು ತೋಟ ಅಳೆದ ಊರು ಇದು. ಇಷ್ಟು ಗೊತ್ತಿದ್ದು ಹೊರಗೆ ಬಂದರೆ ದಾರಿಯುದ್ದಕ್ಕೂ ಕಾಣುವ ಅಡಿಕೆ ತೋಟಗಳು ಬೇರೆಯಾಗೇ ಕಾಣುತ್ತವೆ ಅಲ್ವಾ?

ಕೆಳದಿಗೂ ಹೋದರೆ ವೀರಭದ್ರ ದೇವಸ್ಥಾನದಲ್ಲಿ ತಲೆ ಎತ್ತಿ ನೋಡಿ, ಮೇಲ್ಛಾವಣಿಯಲ್ಲಿ ಗಂಡಭೇರುಂಡವಿದೆ. ಸಂಜೆ ಸಾಗರದ ಪೇಟೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಕೊಳ್ಳಬಹುದು. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಕಾದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಎಳೆದು ಮಾಡುವ ತಿಂಡಿ ತೊಡೆದೇವು. ಮುಟ್ಟಿದರೆ ಮುರಿಯುವಷ್ಟು ತೆಳ್ಳಗಿರುತ್ತದೆ. ಗಟ್ಟಿ ಡಬ್ಬ ತಂದರೆ ಮಾತ್ರ ಮನೆಗೆ ಇಡಿಯಾಗಿ ತಲುಪುತ್ತದೆ.

ಎರಡನೇ ದಿನ: ಸೇತುವೆ ದಾಟಿ ಸಿಗಂದೂರು

2025ರ ಜುಲೈಯಿಂದ ಈ ದಿನದ ಯೋಜನೆಯೇ ಬದಲಾಗಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗಿಂತ ಉದ್ದದ ಕೇಬಲ್ ಸೇತುವೆ ತೆರೆದಿದೆ. ಅಲ್ಲಿಯವರೆಗೆ ಕಾರು, ಬಸ್ಸು, ಜನ ಎಲ್ಲರೂ ಲಾಂಚ್ ಹತ್ತಿಯೇ ದಾಟಬೇಕಿತ್ತು. ರಜೆಯ ದಿನ ಗಂಟೆಗಟ್ಟಲೆ ಸಾಲು. ಹಳೆಯ ಪ್ರವಾಸ ಬರಹಗಳಲ್ಲಿ ಲಾಂಚಿನ ಸಮಯ ನೋಡಿಕೊಂಡು ಲೆಕ್ಕ ಹಾಕಬೇಡಿ.

ಸೇತುವೆಯ ಮೇಲೆ ಎಲ್ಲರಿಗೂ ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಆಸೆ. ಅಲ್ಲಿ ನಿಲ್ಲಿಸಬೇಡಿ, ದಾಟಿ ದಡದಲ್ಲಿ ನಿಲ್ಲಿಸಿ ನೋಡಿ. ನೋಡುವಾಗ ಒಂದು ವಿಷಯ ತಿಳಿದಿರಲಿ. ಈ ಚಂದದ ನೀರಿನ ಕೆಳಗೆ ಊರುಗಳಿವೆ, ಗದ್ದೆಗಳಿವೆ. ಲಿಂಗನಮಕ್ಕಿ ಕಟ್ಟಿದಾಗ ಮನೆ ಬಿಟ್ಟವರು ಬೇರೆ ಬೇರೆ ಕಡೆ ಹೋದರು. ಆಚೆ ಉಳಿದ ತುಮರಿ ಸೀಮೆಯವರಿಗೆ ಆಸ್ಪತ್ರೆಗೂ ಕಾಲೇಜಿಗೂ ಲಾಂಚೇ ಗತಿಯಾಯಿತು. ನಾಡಿಗೆಲ್ಲ ಬೆಳಕು ಕೊಟ್ಟ ಈ ಜನ ಒಂದು ಸೇತುವೆಗಾಗಿ ಅರವತ್ತು ವರ್ಷ ಕಾದಿದ್ದಾರೆ. ಅವರ ಊರಿನಲ್ಲಿ ಬಾಟಲಿ, ಚಿಪ್ಸ್ ಪೊಟ್ಟಣ ಎಸೆದು ಹೋಗುವುದು ನನಗೆ ಸಹಿಸಲಾಗದ ವಿಷಯ. ಗಾಡಿಯಲ್ಲಿ ಒಂದು ಚೀಲ ಇಟ್ಟುಕೊಂಡು ಕಸವನ್ನೆಲ್ಲ ಪೇಟೆಗೆ ವಾಪಸ್ ಒಯ್ಯಿರಿ.

ಹಿನ್ನೀರಿಗೆ ಇಳಿದು ಈಜುವುದು ಅಪಾಯ. ದಡ ಗಟ್ಟಿಯಿದೆ ಅನ್ನಿಸಿದರೂ ಕೆಳಗೆ ಕೆಸರು. ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಒಳಗೇ ಇವೆ. ನೀರಿನಾಟವೇ ಬೇಕೆಂದರೆ ಲೈಫ್ ಜಾಕೆಟ್ ಕೊಟ್ಟು ತರಬೇತಿ ಇರುವವರು ನಡೆಸುವ ಕಡೆ ಹೋಗಿ. ಹೊನ್ನೇಮರಡು ಅದಕ್ಕೇ ಹೆಸರಾದ ಜಾಗ. ಆದರೆ ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಮಂಗಳವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ. ದರ್ಶನ ಮುಗಿಸಿ ಹಾಗೇ ಮುಂದಕ್ಕೆ ನಿಟ್ಟೂರಿನ ಕಡೆ ಸಾಗಿ. ಕಾಡಿನ ನಡುವಿನ ದಾರಿ. ಹೊರಡುವ ಮೊದಲು ಸಾಗರದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಫೋನು ತೋರಿಸುವ ಹತ್ತಿರದ ದಾರಿ ಕೆಲವೊಮ್ಮೆ ತೋಟದ ಬೇಲಿಗೋ ಹಳ್ಳಕ್ಕೋ ಹೋಗಿ ನಿಲ್ಲುತ್ತದೆ. ಅನುಮಾನ ಬಂದರೆ ಗಾಡಿ ನಿಲ್ಲಿಸಿ "ಅಣ್ಣಾ, ನಿಟ್ಟೂರಿಗೆ ಈ ದಾರಿಯಲ್ಲಿ ಕಾರು ಹೋಗುತ್ತಾ?" ಎಂದು ಕೇಳಿ. "ದಾರಿ ಇದೆಯಾ" ಎಂದು ಕೇಳಿದರೆ ಇದೆ ಎಂದೇ ಹೇಳುತ್ತಾರೆ, ನಡೆದು ಹೋಗುವ ದಾರಿಯೂ ದಾರಿಯೇ. ಕಾರು ಹೋಗುತ್ತಾ ಎಂದೇ ಕೇಳಿ.

ಮಧ್ಯಾಹ್ನದ ಊಟದ ಹೊತ್ತಿಗೆ ಎರಡನೇ ತಂಗುವ ಮನೆ ಸೇರಿಕೊಂಡು, ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ತೋಟದಲ್ಲಿ ಒಂದು ಸುತ್ತು ಹಾಕಿ. ಚಳಿಗಾಲದ ಆರಂಭವಾದರೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ನೋಡಲು ಸಿಗುತ್ತದೆ. ಮನೆಯವರನ್ನು ಕೇಳಿ ನೋಡಿ, ಕೆಲಸದ ನಡುವೆ ಅಡ್ಡ ನಿಲ್ಲಬೇಡಿ.

ಮೂರನೇ ದಿನ: ಕೊಡಚಾದ್ರಿ, ನಗರದ ಕೋಟೆ

ಕೊಡಚಾದ್ರಿಗೆ ಸಂಜೆ ಸೂರ್ಯಾಸ್ತಕ್ಕೆ ಹೋಗುವವರೇ ಹೆಚ್ಚು. ನನ್ನ ಮಾತು ಕೇಳಿದರೆ ಬೆಳಿಗ್ಗೆ ಬೇಗ ಹೋಗಿ. ನವೆಂಬರ್, ಡಿಸೆಂಬರ್‌ನ ಬೆಳಿಗ್ಗೆ ಮೋಡ ನಿಮ್ಮ ಕಾಲಿನ ಕೆಳಗೆ ಇರುತ್ತದೆ. ಮೇಲಿನವರೆಗೆ ಕಾರು ಹೋಗುವುದಿಲ್ಲ, ಹೋಗಲು ಪ್ರಯತ್ನಿಸಲೂಬೇಡಿ. ನಿಟ್ಟೂರಿನ ಕಡೆಯಿಂದ, ಕೊಲ್ಲೂರಿನಿಂದ ಜೀಪುಗಳಿವೆ. ಹಿಂದಿನ ರಾತ್ರಿಯೇ ಮನೆಯವರ ಮೂಲಕ ಜೀಪು ಹೇಳಿಸಿಡಿ. ಬಾಡಿಗೆ ಇಡೀ ಜೀಪಿಗೋ ತಲೆಗೆ ಇಷ್ಟೆಂದೋ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಅರಣ್ಯ ಇಲಾಖೆಯ ಶುಲ್ಕ ಸೇರಿದೆಯೋ ಇಲ್ಲವೋ ಎಂದು ಮೊದಲೇ ಮಾತಾಡಿ. ನಡೆದೇ ಹತ್ತುವವರು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮತ್ತು ಅನುಮತಿಯನ್ನು ವಾರದ ಮುಂಚೆಯೇ ನೋಡಿಕೊಳ್ಳಿ.

ಜೀಪಿನ ದಾರಿ ಅಂದರೆ ಕಲ್ಲು, ಗುಂಡಿ, ಕೆಸರು. ಬೆನ್ನುನೋವಿನವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಮನೆಯಲ್ಲೇ ಉಳಿಯಲಿ. ಹೊಟ್ಟೆ ತುಂಬ ತಿಂದು ಹತ್ತಬೇಡಿ. ಜೀಪು ನಿಲ್ಲುವಲ್ಲಿ ಮೂಲ ಮೂಕಾಂಬಿಕೆಯ ಗುಡಿ, ಅದರ ಎದುರಿಗೆ ಹಳೆಯ ಕಬ್ಬಿಣದ ಕಂಬ. ಅಲ್ಲಿಂದ ಬೆಟ್ಟದ ತುದಿಯ ಸರ್ವಜ್ಞ ಪೀಠಕ್ಕೆ ನಡೆದೇ ಹತ್ತಬೇಕು. ನಿಧಾನಕ್ಕೆ ಹೋದರೆ ಮುಕ್ಕಾಲು ಗಂಟೆ, ಒಂದು ಗಂಟೆ. ಬೆಟ್ಟದ ಎತ್ತರ 1343 ಮೀಟರ್, ಗಾಳಿ ಚಳಿ ಎರಡೂ ಇರುತ್ತವೆ. ಕೊಡೆ ಅಲ್ಲಿ ನಿಲ್ಲುವುದಿಲ್ಲ, ಮಳೆ ಕೋಟೇ ಬೇಕು.

ಮಳೆಗಾಲದಲ್ಲಿ ಉಂಬಳ (ಜಿಗಣೆ) ಇದ್ದೇ ಇರುತ್ತದೆ. ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಸಣ್ಣ ಬಟ್ಟೆಯಲ್ಲಿ ಉಪ್ಪು ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪಿನ ಗಂಟು ಒದ್ದೆ ಮಾಡಿ ತಾಗಿಸಿ, ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಕಿಲ್ಲ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಕೆಳಗಿಳಿದು ಊಟ ಮಾಡಿ ನಗರಕ್ಕೆ ಬನ್ನಿ. ಹಿಂದಿನ ಬಿದನೂರು ಇದೇ. ಶಿವಪ್ಪ ನಾಯಕ ಆಳಿದ ರಾಜಧಾನಿ, 1763ರಲ್ಲಿ ಹೈದರಾಲಿಯ ಪಾಲಾಯಿತು. ಕೋಟೆ ರಸ್ತೆಯ ಹತ್ತಿರವೇ ಇದೆ, ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಒಳಗೆ ಅಕ್ಕ ತಂಗಿ ಕೊಳ, ದರ್ಬಾರಿನ ಜಾಗ ನೋಡಿ. ಹತ್ತಿರದ ದೇವಗಂಗೆಯ ಕೊಳಗಳಿಗೂ ಅರ್ಧ ಗಂಟೆ ಕೊಡಿ. ಜನ ಕಡಿಮೆ, ನೀರು ತಣ್ಣಗೆ. ಅಲ್ಲಿಂದ ಹೊಸನಗರ, ರಿಪ್ಪನ್‌ಪೇಟೆ ದಾರಿಯಾಗಿ ಶಿವಮೊಗ್ಗ ಅಥವಾ ಸಾಗರ ಸೇರಿ ರಾತ್ರಿಯ ರೈಲು ಹಿಡಿಯಬಹುದು. ನಗರವನ್ನು ಮಧ್ಯಾಹ್ನ ಮೂರೂವರೆಗೆ ಬಿಡಿ. ಮಳೆಗಾಲದಲ್ಲಿ ಮೂರಕ್ಕೇ.

ಮಳೆ ಕೈಕೊಟ್ಟರೆ, ಜ್ವರ ಬಂದರೆ

ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಕೊಡಚಾದ್ರಿ ಬಿಟ್ಟುಬಿಡಿ. ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಟ್ಟಿದೆ ಅಂದರೆ ಅದು ನಿಮಗೂ ಸೂಚನೆ. ಅಂಥ ದಿನ ಕೆಳದಿ ನೋಡಿ, ಹೆಗ್ಗೋಡಿಗೆ ಹೋಗಿ. 1949ರಲ್ಲಿ ಶುರುವಾದ ನೀನಾಸಮ್ ಅಲ್ಲೇ ಇದೆ, ನಾಟಕ ಇದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಸುಮ್ನೆ ಜಗಲಿಯಲ್ಲಿ ಕೂತು ಮಳೆ ನೋಡುವುದೂ ಪ್ರವಾಸವೇ.

ಡಿಸೆಂಬರ್‌ನಿಂದ ಮೇವರೆಗೆ ಬರುವವರು ಮಂಗನ ಕಾಯಿಲೆ ಬಗ್ಗೆ ತಿಳಿದಿರಲೇಬೇಕು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ. ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದರಿಂದ ಪ್ರವಾಸ ನಿಲ್ಲಿಸಬೇಕಿಲ್ಲ, ಎಚ್ಚರ ಸಾಕು. ಎಲ್ಲಿ ಕಾಯಿಲೆ ಕಾಣಿಸಿದೆ ಎಂದು ಹೋಂಸ್ಟೇಯವರನ್ನು ಮೊದಲೇ ಕೇಳಿ, ಆ ಕಾಡಿಗೆ ಹೋಗಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಒಣಗಿದ ಎಲೆಯ ರಾಶಿಯ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ಹಾಕಿ. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಗ್ಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಂಗುವ ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಮಂಡಿಯ ಹಿಂಭಾಗ, ಮಕ್ಕಳ ಕೂದಲಿನ ಒಳಗೆ ನೋಡಿಬಿಡಿ. ಊರಿಗೆ ಮರಳಿ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಹತ್ತಿರ ಹೋಗಿ, ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಮೊದಲ ಮಾತಿನಲ್ಲೇ ಹೇಳಿ.